ಒಂದು ವಾರಕ್ಕೆಂದು ಅಚ್ಚಾದ ಕಾಗದ

ಸಿನಿಮಾ ಪೋಸ್ಟರಿನ ಆಯುಸ್ಸು ಹೆಚ್ಚೆಂದರೆ ಒಂದು ವಾರ. ಗುರುವಾರ ರಾತ್ರಿ ಬೆನ್ನಿಗೆ ಮೈದಾಹಿಟ್ಟಿನ ಅಂಟು ಬಳಿಸಿಕೊಂಡು ಅದು ಗೋಡೆ ಹತ್ತುತ್ತದೆ. ಶುಕ್ರವಾರ ಬೆಳಿಗ್ಗೆ ಊರಿನ ಕಣ್ಣಿಗೆ ಬೀಳುತ್ತದೆ. ಮಂಗಳವಾರದ ಹೊತ್ತಿಗೆ ಒಂದು ಮೂಲೆ ಎದ್ದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ. ಮುಂದಿನ ಗುರುವಾರ ಅದರ ಮೇಲೆಯೇ ಇನ್ನೊಂದು ಚಿತ್ರ ಬಂದು ಕೂರುತ್ತದೆ. ಅಷ್ಟರೊಳಗೆ ಅಂಟಿನ ರುಚಿ ಹಿಡಿದ ದನವೋ ಆಡೋ ಅದನ್ನು ಎಳೆದು ತಿಂದಿರದಿದ್ದರೆ ಅದೇ ಪುಣ್ಯ.

ಹೀಗೆ ಹಾಳಾಗಲೆಂದೇ ಹುಟ್ಟಿದ ಕಾಗದವನ್ನು ಕೆಲವರು ಜೋಪಾನ ಮಾಡಿ ಟ್ರಂಕಿನಲ್ಲಿಡುತ್ತಾರೆ. ಅಂಚೆಚೀಟಿ ಕೂಡಿಸುವ ಹುಡುಗನನ್ನು ಮೆಚ್ಚುವ ಮನೆಯವರೇ ಹಳೆಯ ಸಿನಿಮಾ ಪೋಸ್ಟರು, ಹಾಡಿನ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ಲು ಕೂಡಿಸುವವನನ್ನು ಕಂಡರೆ, 'ಓದೋದು ಬಿಟ್ಟು ಇದೆಂಥ ಹುಚ್ಚು!' ಎಂದು ಗದರುತ್ತಾರೆ. ಈ ಹುಚ್ಚಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ 1934ಕ್ಕೆ ಹೋಗಬೇಕು.

ಚಿತ್ರ ಹೋಯಿತು, ಚೀಟಿ ಉಳಿಯಿತು

1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ 'ಸತಿ ಸುಲೋಚನ' ತೆರೆ ಕಂಡಿತು. ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ಇದೇ. ನಿರ್ದೇಶಕರು ವೈ.ವಿ. ರಾವ್. ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ ನಟಿಸಿದ್ದರು. ಮಾತು, ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಇವೆಲ್ಲ ಶಾಲೆಯ ರಸಪ್ರಶ್ನೆಗಳಲ್ಲಿ ಕೇಳಿಬರುವ ಸಂಗತಿಗಳೇ. ಆದರೆ ಆ ಚಿತ್ರವನ್ನು ಇಂದು ನೋಡುತ್ತೇನೆಂದರೆ ಸಾಧ್ಯವಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಉಳಿದಿರುವುದು ಕೆಲವು ಸ್ಥಿರಚಿತ್ರಗಳು ಮತ್ತು ಅದನ್ನು ಕಂಡವರು, ಮಾಡಿದವರು ಹೇಳಿ ಬರೆಸಿದ ಮಾತುಗಳು ಮಾತ್ರ.

ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ಬಿಡುಗಡೆಯಾದದ್ದು 1931ರ ಮಾರ್ಚ್ 14ರಂದು, ಮುಂಬಯಿಯ ಮೆಜೆಸ್ಟಿಕ್‌ನಲ್ಲಿ. ಏಳು ಹಾಡುಗಳಿದ್ದ ಆ ಚಿತ್ರದ ಗತಿಯೂ ಇದೇ. ಸಾವಿರಾರು ಅಡಿ ಫಿಲ್ಮು ಮಾಯವಾಗಿದೆ. ಪ್ರಚಾರಕ್ಕೆಂದು ಅಚ್ಚು ಹಾಕಿಸಿದ ಕಾಗದ, ಸ್ಥಿರಚಿತ್ರಗಳು ಉಳಿದಿವೆ.

ಇದರ ಹಿಂದೆ ಒಂದು ರಸಾಯನಶಾಸ್ತ್ರವಿದೆ. ಕಾಗದ ಸೆಲ್ಯುಲೋಸಿನಿಂದ ಆದದ್ದೆಂದು ಹೈಸ್ಕೂಲಿನ ಹುಡುಗರೆಲ್ಲ ಬಲ್ಲರು. ಆ ಕಾಲದ ಫಿಲ್ಮು ಕೂಡ ಸೆಲ್ಯುಲೋಸಿನದೇ. ಅದನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಸೆಲ್ಯುಲೋಸ್ ನೈಟ್ರೇಟ್ ಮಾಡುತ್ತಿದ್ದರು. 1950ರ ಆಸುಪಾಸಿನವರೆಗೂ ಚಲನಚಿತ್ರಗಳಿಗೆ ಬಳಕೆಯಾದದ್ದು ಇದೇ ಫಿಲ್ಮು. ಅದು ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು. ಹೊತ್ತಿದರೆ ನೀರಿಗೂ ಆರದು. ಬೆಂಕಿ ಸೋಕದಿದ್ದರೂ ಡಬ್ಬಿಯೊಳಗೇ ಜಿಗುಟಾಗಿ, ಕೊನೆಗೆ ಪುಡಿಯಾಗುತ್ತದೆ. ಇದೂ ಸಾಲದೆಂಬಂತೆ, ಕಪ್ಪು ಬಿಳುಪು ಚಿತ್ರದ ಕಪ್ಪು ಭಾಗವೆಲ್ಲ ಬೆಳ್ಳಿಯ ಸೂಕ್ಷ್ಮ ಕಣಗಳು. ಓಡಿ ಹಳತಾದ ಚಿತ್ರಗಳನ್ನು ಬೆಳ್ಳಿಗಾಗಿ ಕರಗಿಸಿದವರು ಎಷ್ಟೋ ಮಂದಿ. ಲಕ್ಷಾಂತರ ಜನ ಕೈತಟ್ಟಿ ನೋಡಿದ ಚಿತ್ರ ಹೀಗೆ ಕರಗಿಹೋದಾಗ, ಯಾರದೋ ಮನೆಯ ಅಟ್ಟದ ಮೇಲಿದ್ದ ಒಂದಾಣೆಯ ಹಾಡಿನ ಪುಸ್ತಕ ಅದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಹಳೆಯ ಪೋಸ್ಟರಿಗೆ ಬೆಲೆ ಬರುವುದು ಇದರಿಂದ.

ಎಲ್ಲವೂ ಹಾಡಿನ ಚಿತ್ರಗಳೇ

ಅಮೆರಿಕದಲ್ಲಿ 'ಮ್ಯೂಸಿಕಲ್' ಎಂಬುದು ಚಿತ್ರಗಳ ಒಂದು ಪ್ರತ್ಯೇಕ ಜಾತಿ. 'ದಿ ವಿಝರ್ಡ್ ಆಫ್ ಆಝ್' (1939), 'ಸಿಂಗಿಂಗ್ ಇನ್ ದಿ ರೇನ್' (1952), 'ದಿ ಸೌಂಡ್ ಆಫ್ ಮ್ಯೂಸಿಕ್' (1965) ಈ ಜಾತಿಯವು. ಇವುಗಳ ಮೂಲ ಪೋಸ್ಟರುಗಳಿಗೆ ಅಲ್ಲಿನ ಸಂಗ್ರಾಹಕರು ಕೈತುಂಬ ಹಣ ಸುರಿಯುತ್ತಾರೆ. 27 ಅಂಗುಲ ಅಗಲ, 41 ಅಂಗುಲ ಎತ್ತರದ ಹಾಳೆ ಅಲ್ಲಿನ ಹಳೆಯ ಅಳತೆ. ಚಿತ್ರ ಓಡಿ ಮುಗಿದ ಮೇಲೆ ಚಿತ್ರಮಂದಿರದವರು ಪೋಸ್ಟರನ್ನು ವಾಪಸು ಕೊಡಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಳೆಯ ಕಾಗದವೆಲ್ಲ ಯುದ್ಧಕಾರ್ಯಕ್ಕೆಂದು ರಾಶಿ ಬಿತ್ತು. ಹೀಗಾಗಿ ಉಳಿದವು ಕೆಲವೇ. ವಸ್ತು ವಿರಳವಾದಷ್ಟೂ ಬೆಲೆ ಏರುತ್ತದೆ.

ಇಲ್ಲಿ ಆ ಪ್ರತ್ಯೇಕ ಜಾತಿಯ ಅಗತ್ಯವೇ ಬೀಳಲಿಲ್ಲ. ಹಾಡಿಲ್ಲದ ಚಿತ್ರವನ್ನು ಜನ ಚಿತ್ರವೆಂದೇ ಎಣಿಸುತ್ತಿರಲಿಲ್ಲ. 1932ರ ಹಿಂದಿ 'ಇಂದ್ರಸಭಾ'ದಲ್ಲಿ ಎಪ್ಪತ್ತರಷ್ಟು ಹಾಡುಗಳಿದ್ದವು. ಕನ್ನಡದ ಮೊದಮೊದಲ ಚಿತ್ರಗಳಿಗೆ ಕಥೆ, ಹಾಡು, ನಟರು ಎಲ್ಲವೂ ಬಂದದ್ದು ಕಂಪನಿ ನಾಟಕಗಳಿಂದ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯನ್ನು ಮುಂದೆ ಗುಬ್ಬಿ ವೀರಣ್ಣನವರು ನಾಡಿನ ಮನೆಮಾತಾಗಿಸಿದರು. 'ಬೇಡರ ಕಣ್ಣಪ್ಪ' ರಂಗದ ಮೇಲೆ ಗೆದ್ದು, ಆಮೇಲೆ 1954ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ಚಿತ್ರವಾಗಿ ರಾಜಕುಮಾರ್ ಎಂಬ ನಾಯಕನನ್ನು ಕೊಟ್ಟಿತು. ಹಾಗಾಗಿ ಇಲ್ಲಿ ಸಿನಿಮಾ ಪೋಸ್ಟರಿನ ಸಂಗ್ರಹ ಮಾಡುವವನು ನಾಟಕದ ಹ್ಯಾಂಡ್‌ಬಿಲ್ಲನ್ನು ಬಿಟ್ಟರೆ ಕಥೆಯ ಮೊದಲ ಅಧ್ಯಾಯವನ್ನೇ ಬಿಟ್ಟಂತೆ.

ಸಂಗೀತವೇ ಕಥಾವಸ್ತುವಾದ ಕನ್ನಡ ಚಿತ್ರಗಳೂ ಉಂಟು. ಅ.ನ.ಕೃ. ಅವರ ಕಾದಂಬರಿಯಿಂದ ಬಂದ 'ಸಂಧ್ಯಾರಾಗ' (1966) ಚಿತ್ರಕ್ಕೆ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದರು. ತ.ರಾ.ಸು. ಅವರ ಕಾದಂಬರಿ ಆಧರಿಸಿ ಜಿ.ವಿ. ಅಯ್ಯರ್ ಮಾಡಿದ 'ಹಂಸಗೀತೆ' (1975) ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅದರ ಹಾಡುಗಾರಿಕೆಗೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದಲ್ಲಿ ಹಾಡಿನ ಚಿತ್ರಗಳ ಪೋಸ್ಟರು ಹುಡುಕುವವರು ಈ ಎರಡನ್ನು ಪಟ್ಟಿಯ ಮೊದಲಿಗೇ ಬರೆದುಕೊಳ್ಳಬಹುದು.

ಅರಸೀಕೆರೆಯ ಸುತ್ತಮುತ್ತ

ಅರಸೀಕೆರೆ ಎಂದ ಕೂಡಲೇ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ನು ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಊರು ಅರಸೀಕೆರೆಯನ್ನು. ಆಚೆ ಉಚ್ಚಂಗಿದುರ್ಗ, ಈಚೆ ಹರಪನಹಳ್ಳಿ, ಇನ್ನೂ ಮುಂದೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ. ಈ ಸೀಮೆಯಲ್ಲಿ ಹಾಡು, ಬಣ್ಣ, ಬೆಳಕು ಬರುತ್ತಿದ್ದದ್ದು ಜಾತ್ರೆಯ ಜೊತೆಗೆ. ಕೊಟ್ಟೂರ ಗುರುಬಸವೇಶ್ವರನ ತೇರು, ಮೈಲಾರದ ಕಾರಣಿಕ, ಉಚ್ಚಂಗೆಮ್ಮನ ಜಾತ್ರೆ ಎಂದರೆ ಜನ ನೆರೆಯುತ್ತಿದ್ದರು. ಜನ ನೆರೆದಲ್ಲಿ ನಾಟಕದ ಕಂಪನಿ, ಟೂರಿಂಗ್ ಟಾಕೀಸು ಡೇರೆ ಹೊಡೆಯುತ್ತಿದ್ದವು. ಅತ್ತ ಹೊಸಪೇಟೆ ಬಳಿಯ ಮರಿಯಮ್ಮನಹಳ್ಳಿ ರಂಗಕಲಾವಿದೆಯರ ಊರೆಂದೇ ಹೆಸರಾಯಿತು.

ಟೆಂಟ್ ಸಿನಿಮಾ ಬಂದಿತೆಂದರೆ ಅದರ ಮೊದಲ ಸುದ್ದಿ ತರುತ್ತಿದ್ದದ್ದೇ ಪೋಸ್ಟರು. ಬಸ್ಸಿನ ಮೇಲೆ ರೀಲಿನ ತಗಡು ಡಬ್ಬಿಗಳ ಜೊತೆ ಪೋಸ್ಟರಿನ ಸುರುಳಿಯೂ ಇಳಿಯುತ್ತಿತ್ತು. ಎರಡು ತಟ್ಟಿಗಳಿಗೆ ಅಂಟಿಸಿ, ಎತ್ತಿನ ಬಂಡಿಯ ಎರಡೂ ಬದಿಗೆ ಕಟ್ಟಿ, ಹಲಗೆ ಬಾರಿಸುತ್ತ ಊರು ಸುತ್ತಿಸುತ್ತಿದ್ದರು. ಬಂಡಿಯ ಹಿಂದೆ ಓಡುವ ಹುಡುಗರ ಗುಂಪಿನ ಮೇಲೆ ಹಳದಿ, ಗುಲಾಬಿ, ಹಸಿರು ಹ್ಯಾಂಡ್‌ಬಿಲ್ಲುಗಳು ಹಾರಿ ಬೀಳುತ್ತಿದ್ದವು. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ಭಕ್ತಿಗೀತೆ ಕೇಳಿತೆಂದರೆ ಹೊಲದಿಂದ ಬಂದವರು ಬೇಗಬೇಗ ರೊಟ್ಟಿ ಮುಗಿಸಿ ಏಳುತ್ತಿದ್ದರು. ನೆಲದ ಟಿಕೀಟು ಪಡೆದವನಿಗೆ ಮರಳೇ ಕುರ್ಚಿ.

ಈ ಸೀಮೆಯ ಹಳೆಯ ಪೆಟ್ಟಿಗೆಗಳಲ್ಲಿ ಕನ್ನಡದ ಜೊತೆಗೆ ತೆಲುಗು ಕಾಗದಗಳೂ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಬಳ್ಳಾರಿಯ ರಂಗಭೂಮಿ ಎರಡೂ ಭಾಷೆಗಳಲ್ಲಿ ಬೆಳೆಯಿತು. ಬಳ್ಳಾರಿ ರಾಘವರು (1880-1946) ರಂಗದ ಮೇಲೆ ಹೆಸರು ಮಾಡಿ 'ದ್ರೌಪದಿ ಮಾನಸಂರಕ್ಷಣಂ' (1936), 'ರೈತು ಬಿಡ್ಡ' (1939) ಎಂಬ ತೆಲುಗು ಚಿತ್ರಗಳಲ್ಲೂ ನಟಿಸಿದರು. ಗಡಿಯ ಊರುಗಳಲ್ಲಿ ಸಂಗ್ರಹಕ್ಕೆ ಭಾಷೆಯ ಬೇಲಿ ಹಾಕಿದರೆ ಅರ್ಧ ಚರಿತ್ರೆ ಹೊರಗೇ ಉಳಿಯುತ್ತದೆ.

ಪೋಸ್ಟರಿಗಿಂತ ಹೆಚ್ಚಾಗಿ ಮನೆಗಳಲ್ಲಿ ಸಿಗುವುದು ಹಾಡಿನ ಪುಸ್ತಕ. ಟೆಂಟಿನ ಬಾಗಿಲಲ್ಲೇ ಮಾರುತ್ತಿದ್ದ ಎಂಟು ಹನ್ನೆರಡು ಪುಟದ ಈ ಹೊತ್ತಗೆಯಲ್ಲಿ ನಟವರ್ಗದ ಪಟ್ಟಿ, ಕಥಾಸಾರಾಂಶ, ಎಲ್ಲ ಹಾಡುಗಳ ಸಾಹಿತ್ಯ ಇರುತ್ತಿತ್ತು. ಕಥೆ ರೋಚಕವಾದ ತಿರುವಿಗೆ ಬರುತ್ತಲೂ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಕೈ ತೊಳೆದುಕೊಳ್ಳುತ್ತಿತ್ತು! ರೇಡಿಯೋ ಇಲ್ಲದ ಮನೆಗಳಲ್ಲಿ ಹೆಣ್ಣುಮಕ್ಕಳು ಹಾಡು ಕಲಿತದ್ದು ಇದರಿಂದ. ಚಿತ್ರವೇ ಇಲ್ಲವಾದಾಗ ಅದರ ಕಥೆ, ಹಾಡು, ನಟರ ಹೆಸರು ಒಟ್ಟಿಗೆ ದೊರೆಯುವುದು ಈ ಪುಸ್ತಕದಲ್ಲೇ. ಪೋಸ್ಟರು ಚಿತ್ರದ ಮುಖವಾದರೆ ಹಾಡಿನ ಪುಸ್ತಕ ಅದರ ಜಾತಕ.

ಮಸೂರ ಹೇಳುವ ಸತ್ಯ

ಸಂಗ್ರಹಕ್ಕೆ ಇಳಿದವನಿಗೆ ಮೊದಲು ಬೇಕಾದದ್ದು ಹಣವಲ್ಲ, ಒಂದು ಪೀನ ಮಸೂರ. ಹಳೆಯ ಪೋಸ್ಟರಿನ ಹೆಸರಿನಲ್ಲಿ ಹೊಸದಾಗಿ ಅಚ್ಚು ಹಾಕಿದ ಪ್ರತಿಗಳು ಪೇಟೆಯಲ್ಲಿ ಧಾರಾಳವಾಗಿವೆ. ಮೂಲ ಯಾವುದು, ನಕಲು ಯಾವುದು? ಮುದ್ರಣದ ಬಗೆ ತಿಳಿದರೆ ಮಸೂರವೇ ಹೇಳುತ್ತದೆ.

ಹಳೆಯ ಪೋಸ್ಟರುಗಳು ಕಲ್ಲಚ್ಚಿನವು. ಜಿಡ್ಡು ಮತ್ತು ನೀರು ಒಂದಕ್ಕೊಂದು ಬೆರೆಯುವುದಿಲ್ಲ ಎಂಬ ಅಡುಗೆಮನೆಯ ಸತ್ಯವೇ ಇದರ ತಳಹದಿ. ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ 1796ರಲ್ಲಿ ಇದನ್ನು ಕಂಡುಹಿಡಿದ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮೇಲೆ ಜಿಡ್ಡಿನ ಶಾಯಿಯ ಉರುಳೆ ಹಾಯಿಸಬೇಕು. ಚಿತ್ರವಿದ್ದಲ್ಲಿ ಶಾಯಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಂದದ್ದು ಈ ವಿಧಾನದಿಂದಲೇ. ಆ ದೇವರ ಪಟಗಳ ಬಣ್ಣ, ಒಡವೆ, ಭಂಗಿಗಳೇ ಮುಂದೆ ಪೌರಾಣಿಕ ಚಿತ್ರಗಳ ಪೋಸ್ಟರಿಗೂ ಬಂದವು. ಉಳಿದಿರುವ ಭಾರತೀಯ ಸಚಿತ್ರ ಪೋಸ್ಟರುಗಳಲ್ಲಿ ಬಹಳ ಹಳೆಯದೆನ್ನುವ 'ಕಲ್ಯಾಣ್ ಖಜಿನಾ' (1924) ಕೊಲ್ಲಾಪುರದ ಬಾಬುರಾವ್ ಪೇಂಟರ್ ಅವರ ಚಿತ್ರದ್ದು. 'ಸತಿ ಸುಲೋಚನ' ತಯಾರಾದ ಅದೇ ಕೊಲ್ಲಾಪುರ!

ಕಲ್ಲಚ್ಚಿನ ಪೋಸ್ಟರನ್ನು ಮಸೂರದಡಿ ಹಿಡಿದರೆ ಕೈಯಿಂದ ಎಳೆದ ಗೆರೆ, ಅಂಕುಡೊಂಕಾದ ಚುಕ್ಕಿ, ಕಲ್ಲಿನ ಮೈಯ ತರಿತರಿ ಕಾಣುತ್ತದೆ. ಮುಂದೆ ಬಂದ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣಗಳೆಲ್ಲ ನೀಲಿ, ಕೆನ್ನೇರಳೆಗೆಂಪು, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳ ಸಾಲುಚುಕ್ಕಿಗಳು; ಕೂಡಿದಲ್ಲಿ ಪುಟ್ಟ ಹೂವಿನಾಕಾರ ಕಾಣುತ್ತದೆ. ಗಣಕಯಂತ್ರದಿಂದ ನೇರ ತೆಗೆದ ಪ್ರತಿಯಲ್ಲಿ ಸಾಲೂ ಇಲ್ಲ, ಹೂವೂ ಇಲ್ಲ. ಸಾಸಿವೆ ಚೆಲ್ಲಿದಂತೆ ಎತ್ತೆತ್ತಲೋ ಬಿದ್ದ ಸಣ್ಣ ಚುಕ್ಕಿಗಳು. 1940ರ ಪೋಸ್ಟರೆಂದು ಹೇಳಿ ಕೊಟ್ಟದ್ದರಲ್ಲಿ ಹೀಗೆ ಸಾಸಿವೆ ಚೆಲ್ಲಿದ್ದರೆ ಕಿಸೆಗೆ ಕೈ ಹಾಕಬಾರದು.

ತಾರೀಖು ಹುಡುಕುವ ಪತ್ತೇದಾರಿ

ಹಳೆಯ ಹ್ಯಾಂಡ್‌ಬಿಲ್ಲಿನ ದೊಡ್ಡ ತೊಂದರೆಯೆಂದರೆ ಅದರಲ್ಲಿ ವಾರ, ತಿಂಗಳು ಇರುತ್ತದೆ, ಇಸವಿ ಇರುವುದಿಲ್ಲ. ಆ ವಾರ ಮುಗಿದರೆ ಯಾರಿಗೆ ಬೇಕು ಇಸವಿ ಎಂಬುದು ಅಚ್ಚು ಹಾಕಿಸಿದವರ ಲೆಕ್ಕ. ಆದರೂ ಕಾಗದ ತನ್ನ ವಯಸ್ಸನ್ನು ಮುಚ್ಚಿಡಲಾರದು.

ಟಿಕೀಟಿನ ದರ ಆಣೆಯಲ್ಲಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ದಶಮಾಂಶ ನಾಣ್ಯ ಬಂದದ್ದು ಅಂದು. 'ನಯೇ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲಿನದು. ಹರಪನಹಳ್ಳಿಯ ಕಾಗದವಾದರೆ ಜಿಲ್ಲೆಯ ಹೆಸರೇ ಗಡಿಯಾರ: 1997ರವರೆಗೆ ಬಳ್ಳಾರಿ, ಅಲ್ಲಿಂದ 2018ರವರೆಗೆ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಮೊದಲ ಸಿನಿಮಾಸ್ಕೋಪ್ 'ಸೊಸೆ ತಂದ ಸೌಭಾಗ್ಯ' 1977ರಲ್ಲಿ. ಪೋಸ್ಟರಿನ ಮೇಲೆ ಈ ಹೆಮ್ಮೆಯ ಮಾತುಗಳಿದ್ದರೆ ಕಾಲದ ಕೆಳಗಿನ ಗಡಿ ಸಿಕ್ಕಂತೆ. ಪುಸ್ತಕ, ಕಿರುಹೊತ್ತಗೆಗಳ ಮೇಲೆ ಮುದ್ರಕನ ಹೆಸರು, ಊರು ಇರಬೇಕೆಂದು 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ ವಿಧಿಸಿತ್ತು. ಆದ್ದರಿಂದ ಕೊನೆಯ ಪುಟದ ಕೆಳಗಿನ ಸಣ್ಣಕ್ಷರದ ಸಾಲನ್ನು ಓದದೆ ಬಿಡಬಾರದು.

ಇನ್ನು ಗಣಿತದ ದಾರಿ. ಒಂದು ಕಾಗದದಲ್ಲಿ 'ಮಾರ್ಚ್ 3, ಶನಿವಾರ' ಎಂದಷ್ಟೇ ಇದೆಯೆನ್ನಿ. ಸಾಮಾನ್ಯ ವರ್ಷಕ್ಕೆ 52 ವಾರ ಮತ್ತು ಒಂದು ದಿನ. ಹಾಗಾಗಿ ಅದೇ ತಾರೀಖು ಮರುವರ್ಷ ಒಂದು ವಾರದ ದಿನ ಮುಂದೆ ಹೋಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ. 'ಸತಿ ಸುಲೋಚನ' ಬಿಡುಗಡೆಯಾದ 1934ರ ಮಾರ್ಚ್ 3 ಶನಿವಾರ. ಮುಂದೆ ಆ ತಾರೀಖು ಶನಿವಾರ ಬಿದ್ದದ್ದು 1945, 1951, 1956, 1962ರಲ್ಲಿ. ಆಣೆ, ಪೈಸೆ, ರಾಜ್ಯದ ಹೆಸರಿನ ಸುಳಿವನ್ನು ಇದಕ್ಕೆ ಜೋಡಿಸಿದರೆ ಐದು ಇಸವಿಗಳ ಪಟ್ಟಿ ಇನ್ನಷ್ಟು ಕಿರಿದಾಗುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ನಾಲ್ಕಾರು ತಾರೀಖುಗಳು ಹೀಗೆ ಕೈಗೆ ಆಯುಧವಾಗಿ ಸಿಕ್ಕ ಮೇಲೆ ಮರೆಯುವ ಮಾತಿಲ್ಲ.

ಕಾಗದದ ಶತ್ರುಗಳು

ಸಿಕ್ಕ ಕಾಗದ ಉಳಿಯಬೇಕಲ್ಲ? ಪೋಸ್ಟರಿಗೆ ಬಳಸುತ್ತಿದ್ದದ್ದು ಅಗ್ಗದ ಕಾಗದ. ಮರದ ತಿರುಳಿನಲ್ಲಿ ಸೆಲ್ಯುಲೋಸಿನ ಜೊತೆ ಲಿಗ್ನಿನ್ ಎಂಬ ವಸ್ತು ಇರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿ ತಿರುಗುತ್ತದೆ. ಶಾಯಿ ಹರಡದಿರಲೆಂದು ಕಾಗದಕ್ಕೆ ಸೇರಿಸುತ್ತಿದ್ದ ಪಟಿಕ ಮತ್ತು ರಾಳ ಕಾಲಕ್ರಮದಲ್ಲಿ ಆಮ್ಲವನ್ನುಂಟುಮಾಡುತ್ತವೆ. ಆ ಆಮ್ಲ ಸೆಲ್ಯುಲೋಸಿನ ಉದ್ದ ಸರಪಳಿಗಳನ್ನು ಕತ್ತರಿಸುತ್ತದೆ. ಹಳೆಯ ಹಾಳೆ ಮಡಿಸಿದಲ್ಲಿ ಹಪ್ಪಳದಂತೆ ಮುರಿಯುವುದು ಇದರಿಂದ. ಶತ್ರು ಕಾಗದದ ಒಳಗೇ ಇದ್ದಾನೆ. ಶಾಖ, ತೇವ ಅವನಿಗೆ ಬಲ ಕೊಡುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಸ್ಥೂಲ ನಿಯಮ.

ಹರಪನಹಳ್ಳಿ ಸೀಮೆಯ ಒಣಹವೆ ಕಾಗದಕ್ಕೆ ಒಳ್ಳೆಯದೇ. ಬೂಷ್ಟಿನ ಕಾಟ ಮಲೆನಾಡಿನಷ್ಟಿಲ್ಲ. ಆದರೆ ಬೇಸಿಗೆಯ ಬಿಸಿಲು, ಗೆದ್ದಲು, ಮಳೆಗೆ ತಟಗುಟ್ಟುವ ಮಣ್ಣಿನ ಮಾಳಿಗೆ, ಈ ಮೂರರ ಭಯ ಇದ್ದದ್ದೇ. ತಗಡಿನ ಚಾವಣಿಯ ಕೆಳಗಿನ ಅಟ್ಟಕ್ಕಿಂತ ಮನೆಯ ನಡುಕೋಣೆ ತಂಪು. ಪೆಟ್ಟಿಗೆಯನ್ನು ನೆಲದ ಮೇಲೆ ಇಡದೆ, ಗೋಡೆಗೆ ತಾಗಿಸದೆ, ಮಣೆಯ ಮೇಲಿಡಬೇಕು. ಕಾಗದವನ್ನು ಆದಷ್ಟೂ ಮಡಿಸದೆ, ಒಗೆದು ಒಣಗಿಸಿದ ಬಿಳಿ ಹತ್ತಿಬಟ್ಟೆಯ ನಡುವೆ ಹಾಸಿಡಬೇಕು. ಬೇವಿನ ಒಣ ಎಲೆ ಇಡುವವರು ಅದು ಕಾಗದಕ್ಕೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿಡಬೇಕು. ಯಾವ ಔಷಧಿಗಿಂತಲೂ ಮೇಲಾದದ್ದು ಎರಡು ಮೂರು ತಿಂಗಳಿಗೊಮ್ಮೆ ತೆರೆದು ನೋಡುವುದು.

ಪ್ರೀತಿಯಿಂದಲೇ ಕಾಗದವನ್ನು ಕೊಲ್ಲುವ ದಾರಿಗಳೂ ಇವೆ. ಹರಿದಲ್ಲಿ ಸೆಲ್ಲೋಟೇಪು ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದು ಕಲೆಯಾಗಿ ಒಳಗಿಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಕರಗಿದ ಪ್ಲಾಸ್ಟಿಕ್ಕು ಕಾಗದದಲ್ಲಿ ಸೇರಿಹೋಗುತ್ತದೆ; ಮತ್ತೆ ಬಿಡಿಸುವುದು ಸುಲಭವಲ್ಲ. ಪೇಟೆಯ ಅಗ್ಗದ ಪಿ.ವಿ.ಸಿ. ಹೊದಿಕೆಯೂ ಆಮ್ಲ ಬಿಡುತ್ತದೆ. ಪಾರದರ್ಶಕ ಹೊದಿಕೆಯೇ ಬೇಕೆಂದರೆ ಪಾಲಿಯೆಸ್ಟರ್ ಹಾಳೆ ಒಳ್ಳೆಯದು. ಅದರ ಒಂದು ವ್ಯಾಪಾರಿ ಹೆಸರು 'ಮೈಲಾರ್'. ಹಡಗಲಿಯ ಮೈಲಾರಕ್ಕೂ ಇದಕ್ಕೂ ನಂಟಿಲ್ಲ. ನೆನಪಿಡಲು ಮಾತ್ರ ಅನುಕೂಲ! ತಜ್ಞರು ಹರಿದ ಕಾಗದ ಜೋಡಿಸುವುದು ಗೋಧಿಯ ಪಿಷ್ಟದ ಅಂಟಿನಿಂದ, ಏಕೆಂದರೆ ಬೇಕೆಂದಾಗ ನೀರು ತಾಗಿಸಿ ಬಿಡಿಸಬಹುದು. ಪೋಸ್ಟರನ್ನು ಮೊದಲು ಗೋಡೆಗೆ ಏರಿಸಿದ್ದೂ ಅದೇ ಜಾತಿಯ ಅಂಟು. ಮಕ್ಕಳು ಜೋಡಿಸಲು ಹೋಗದೆ, ಚೂರುಗಳನ್ನೆಲ್ಲ ಒಂದೇ ಲಕೋಟೆಯಲ್ಲಿ ಇಟ್ಟರೆ ಸಾಕು.

ಬೆಳಕಿನ ಕೆಲಸ ನೋಡಬೇಕಾದರೆ ಕ್ಷೌರದ ಅಂಗಡಿಗೆ ಹೋಗಬೇಕು. ಬಿಸಿಲು ಬೀಳುವ ಗೋಡೆಯ ಹಳೆಯ ನಟರೆಲ್ಲ ನೀಲಿಯಾಗಿರುತ್ತಾರೆ. ಶಾಯಿಗಳಲ್ಲಿ ಹಳದಿ ಮತ್ತು ಕೆಂಪು ಬೆಳಕಿಗೆ ಬೇಗ ಸೋಲುತ್ತವೆ. ನೀಲಿ, ಕಪ್ಪು ಹೆಚ್ಚು ಕಾಲ ತಡೆದುಕೊಳ್ಳುತ್ತವೆ. ಮನೆಯಲ್ಲಿ ಹೀಗೆ ಮಾಡಿ ನೋಡಬಹುದು: ದಿನಪತ್ರಿಕೆಯ ಒಂದು ಬಣ್ಣದ ಪುಟ ತೆಗೆದುಕೊಂಡು ಅರ್ಧದ ಮೇಲೆ ರಟ್ಟು ಮುಚ್ಚಿ, ಬಿಸಿಲಿನಲ್ಲಿ ಎರಡು ವಾರ ಇಡಬೇಕು. ಆಮೇಲೆ ರಟ್ಟು ತೆಗೆದರೆ, ಗೋಡೆಗೆ ತೂಗುಹಾಕಿದ ಪೋಸ್ಟರಿಗೆ ವರ್ಷಗಳಲ್ಲಿ ಆಗುವುದು ಒಂದೇ ನೋಟಕ್ಕೆ ಕಾಣುತ್ತದೆ.

ಸಂಗ್ರಹ ಯಾರಿಗಾಗಿ?

ತಿರುವನಂತಪುರದ ಒಬ್ಬ ಹುಡುಗ ಸಿನಿಮಾ ಟಿಕೀಟಿನ ಚೂರುಗಳನ್ನು, ತೂಕದ ಯಂತ್ರದಿಂದ ಬರುತ್ತಿದ್ದ ತಾರೆಯರ ಚಿತ್ರದ ಚೀಟಿಗಳನ್ನು ಕೂಡಿಸುತ್ತಿದ್ದ. ಮುಂದೆ ಆತನೇ ಪಿ.ಕೆ. ನಾಯರ್ (1933-2016). 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಕಟ್ಟಿ ಬೆಳೆಸಿದವರು ಅವರು. ಫಾಲ್ಕೆಯವರ ಚಿತ್ರಗಳಲ್ಲಿ ಸಿಕ್ಕಷ್ಟು ಭಾಗವನ್ನಾದರೂ ಉಳಿಸಿದವರೂ ಅವರೇ. ಆ ಭಂಡಾರದ ಚಿತ್ರಗಳು ಸಾಗರದ ಹತ್ತಿರದ ಹೆಗ್ಗೋಡಿಗೆ ಬಂದು, ಕೆ.ವಿ. ಸುಬ್ಬಣ್ಣನವರ ನೀನಾಸಂ ಮೂಲಕ ಹಳ್ಳಿಯ ಜನರ ಮುಂದೆ ಓಡಿದವು. 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಅಲ್ಲಿ ರೀಲುಗಳ ಜೊತೆಗೆ ಪೋಸ್ಟರು, ಹಾಡಿನ ಪುಸ್ತಕ, ಸ್ಥಿರಚಿತ್ರಗಳನ್ನೂ ಕಾಪಾಡುತ್ತಾರೆ. ಮದ್ರಾಸಿನಲ್ಲಿ 'ಫಿಲ್ಮ್ ನ್ಯೂಸ್' ಆನಂದನ್ (ನಿಧನ 2016) ಒಬ್ಬರೇ ದಶಕಗಳ ಕಾಲ ತಮಿಳು ಚಿತ್ರಗಳ ಸ್ಥಿರಚಿತ್ರ, ವಿವರಗಳನ್ನು ಕೂಡಿಸಿದರು. ಕೊನೆಗೆ ಆ ಸಂಗ್ರಹವನ್ನು ಸರ್ಕಾರವೇ ಪಡೆದುಕೊಂಡಿತು. ಇಬ್ಬರ ಕೆಲಸವೂ ಶುರುವಾದದ್ದು ಉಳಿದವರು ಎಸೆಯುವ ಚೀಟಿಗಳಿಂದ.

ಸಂಗ್ರಹಕ್ಕೂ ಗುಡ್ಡೆ ಹಾಕುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಒಂದು ನೋಟ್‌ಬುಕ್ಕು. ಪ್ರತಿ ಕಾಗದಕ್ಕೂ ಒಂದು ಕ್ರಮಸಂಖ್ಯೆ, ಚಿತ್ರ ಅಥವಾ ನಾಟಕದ ಹೆಸರು, ಸೆಂಟಿಮೀಟರಿನಲ್ಲಿ ಅಳತೆ, ಮುದ್ರಣಾಲಯ, ಎಲ್ಲಿ, ಯಾವಾಗ, ಯಾರಿಂದ ಸಿಕ್ಕಿತು ಎಂಬ ವಿವರ ಬರೆದಿಡಬೇಕು. ಸಂಖ್ಯೆಯನ್ನು ಕಾಗದದ ಮೇಲೆ ಪೆನ್ನಿನಿಂದ ಗೀಚದೆ ಲಕೋಟೆಯ ಮೇಲೆ ಬರೆಯಬೇಕು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಪದೇ ಪದೇ ಮೂಲವನ್ನು ಮುಟ್ಟುವುದು ತಪ್ಪುತ್ತದೆ. ಅನ್ಯರ ಗೋಡೆಯಿಂದ ಕೀಳುವುದು, ಗ್ರಂಥಾಲಯದ ಪುಸ್ತಕದಿಂದ ಹಾಳೆ ಹರಿಯುವುದು ಸಂಗ್ರಹವಲ್ಲ, ಕಳವು.

ಆ ಪುಸ್ತಕದಲ್ಲಿ ಇನ್ನೊಂದು ಅಂಕಣ ಬೇಕೇ ಬೇಕು: ಕಾಗದ ಕೊಟ್ಟವರ ನೆನಪು. ಅಜ್ಜ ಆ ಚಿತ್ರ ನೋಡಿದ್ದು ಯಾವ ಜಾತ್ರೆಯಲ್ಲಿ, ಬಂಡಿ ಕಟ್ಟಿಕೊಂಡು ಹೋದವರು ಎಷ್ಟು ಜನ, ನೆಲದ ಟಿಕೀಟಿಗೆ ಎಷ್ಟು ಕೊಟ್ಟರು, ಅಜ್ಜಿಗೆ ಯಾವ ಹಾಡು ಇಂದಿಗೂ ಬಾಯಿಗೆ ಬರುತ್ತದೆ, ಇವು ಯಾವ ಪುಸ್ತಕದಲ್ಲೂ ಇಲ್ಲ. ಟಿ.ವಿ., ವಿಡಿಯೋ ಬಂದ ಮೇಲೆ ಟೆಂಟುಗಳು ಕಿತ್ತವು. ಅವುಗಳ ಮರಳಿನ ಮೇಲೆ ಕುಳಿತವರಿಗೂ ಈಗ ವಯಸ್ಸಾಗಿದೆ. ಕಾಗದ ಇನ್ನೂ ಹತ್ತು ವರ್ಷ ಪೆಟ್ಟಿಗೆಯಲ್ಲಿ ಕಾದೀತು, ನೆನಪು ಕಾಯುವುದಿಲ್ಲ. ಚಿತ್ರದ ಹೆಸರು ಹೇಳಿ ಮುಂದೆ ಒಂದು ಹಳೆಯ ಹಾಡಿನ ಪುಸ್ತಕ ಇಟ್ಟರೆ, ಹತ್ತು ಪ್ರಶ್ನೆಗೂ ಬಾಯಿ ಬಿಡದ ಹಿರಿಯರು ತಾವಾಗಿ ಮಾತಿಗೆ ಕೂರುತ್ತಾರೆ.

ತಂದೆತಾಯಿಯರು ಗಮನಿಸಬೇಕಾದ್ದು ಇಷ್ಟೇ. ಈ ಹವ್ಯಾಸದಲ್ಲಿ ರಸಾಯನಶಾಸ್ತ್ರವಿದೆ, ಲೆಕ್ಕವಿದೆ, ಚರಿತ್ರೆಯಿದೆ, ಅಳೆದು ಬರೆದಿಡುವ ಶಿಸ್ತಿದೆ. ಖರ್ಚು ಒಂದು ಮಸೂರ, ಒಂದು ನೋಟ್‌ಬುಕ್ಕು, ಒಂದು ಹಳೆಯ ಪಂಚೆ. ಹಣ ಕೊಟ್ಟು ಪೋಸ್ಟರು ಕೊಳ್ಳಬೇಕೆಂದೇನೂ ಇಲ್ಲ. ದಸರೆ, ದೀಪಾವಳಿ, ಯುಗಾದಿಗೆ ಮನೆಗೆ ಸುಣ್ಣ ಬಳಿಯುವಾಗ ಅಟ್ಟದ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಳೆಯ ಕಾಗದವೆಲ್ಲ ರದ್ದಿಯವನಿಗೋ ಹಂಡೆಯ ಒಲೆಗೋ ಹೋಗುವುದು ಆಗಲೇ. ಅದಕ್ಕೆ ಮೊದಲು ಒಂದೊಂದನ್ನೇ ಬಿಡಿಸಿ ನೋಡುವ ಕೆಲಸವನ್ನು ಮನೆಯ ಹುಡುಗರಿಗೆ ಒಪ್ಪಿಸಿದರೆ ಒಳ್ಳೆಯದು. ನೂರರಲ್ಲಿ ತೊಂಬತ್ತೊಂಬತ್ತು ನಿಜವಾಗಿಯೂ ರದ್ದಿಯೇ ಇರಬಹುದು. ಉಳಿದ ಒಂದು, ರೀಲು ಕರಗಿ ಹೋದ ಚಿತ್ರವೊಂದರ ಹಾಡಿನ ಪುಸ್ತಕವಾಗಿದ್ದರೆ, ಅದನ್ನು ಒಲೆಗೆ ಹಾಕಿದ ಮೇಲೆ ಮತ್ತೆ ಅಚ್ಚು ಹಾಕುವವರು ಯಾರೂ ಇಲ್ಲ.